ಸೀರೆಯ ನೆಪದ ಮಂಗಳವಾರಗಳು

ಸುಮಾರು ಎರಡು ವರ್ಷ ಚಳ್ಳಕೆರೆಯ ನಮ್ಮ ಬೀದಿಯವರು ನನ್ನನ್ನು ರೇಷ್ಮೆ ಸೀರೆಯ ಎಕ್ಸ್‌ಪರ್ಟ್ ಎಂದು ನಂಬಿದ್ದರು. ತಿಂಗಳಿಗೊಮ್ಮೆ ಮಂಗಳವಾರ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸು ಹತ್ತುವ ಮುದುಕಿ ಇನ್ನೇತಕ್ಕೆ ಹೋಗುತ್ತಾಳೆ? ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಸೀರೆ ತಂದು ನನ್ನ ಮುಖಕ್ಕೆ ಹಿಡಿಯುವರು. "ಆಂಟಿ, ಇದು ಕೈಮಗ್ಗದ್ದೋ, ಪವರ್‌ಲೂಮಿಂದೋ?" ನಾನು ಕನ್ನಡಕ ಸರಿಪಡಿಸಿಕೊಂಡು, ಅಂಚಿನ ಹಿಂಬದಿ ತಿರುಗಿಸಿ ನೋಡಿ, "ಕೈಮಗ್ಗದ್ದೇ" ಎನ್ನುತ್ತಿದ್ದೆ. ಮೊದಮೊದಲು ನನಗೆ ಏನೂ ಗೊತ್ತಿರಲಿಲ್ಲ. ನೋಡುತ್ತ ನೋಡುತ್ತ ನಿಜಕ್ಕೂ ಗೊತ್ತಾಗತೊಡಗಿತು.

ನಾನು ಹೋಗುತ್ತಿದ್ದುದು ಸೀರೆಗಲ್ಲ. ಮೊಳಕಾಲ್ಮೂರಿನ ತಾಲ್ಲೂಕು ಆಸ್ಪತ್ರೆಗೆ ತಿಂಗಳಲ್ಲಿ ಒಂದು ಮಂಗಳವಾರ ಮನೋವೈದ್ಯರು ಬರುತ್ತಾರೆ. ನಾನು ಅವರ ಪೇಶೆಂಟ್. ಅದೇ ಡಾಕ್ಟರ್ ಇನ್ನೊಂದು ಮಂಗಳವಾರ ಚಳ್ಳಕೆರೆಯ ಆಸ್ಪತ್ರೆಗೂ ಬರುತ್ತಾರೆ. ಅದು ನಮ್ಮ ಮನೆಯಿಂದ ಎಷ್ಟು ಹತ್ತಿರವೆಂದರೆ, ಆಟೋದವರು ಅಷ್ಟೇ ದೂರಕ್ಕೆ ಬರಲು ಮುಖ ಸಿಂಡರಿಸುತ್ತಾರೆ. ಆದರೂ ನಾನು ತಳಕು, ಬಿ.ಜಿ. ಕೆರೆ ಎಲ್ಲ ದಾಟಿ, ಬಿಸಿಲಿನಲ್ಲಿ ಕಾದ ಬಸ್ಸಿನ ಕಂಬಿ ಹಿಡಿದುಕೊಂಡು ಆಂಧ್ರದ ಗಡಿಯವರೆಗೂ ಹೋಗುತ್ತಿದ್ದೆ.

ಕಾಯಿಲೆ ಬಂದದ್ದು ಏನೂ ಆಗದ ಒಂದು ವರ್ಷದಲ್ಲಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಕೇಳುವುದೇ "ಏನಾಯ್ತು?" ಎಂದು. ಏನೂ ಆಗಿರಲಿಲ್ಲ. ಯಜಮಾನರು ಹೋಗಿ ಬಹಳ ಕಾಲವಾಗಿತ್ತು. ಆ ದುಃಖ ತನ್ನ ಪಾಡಿಗೆ ತಾನು ಒಂದು ಮೂಲೆಯಲ್ಲಿ ಕೂತಿತ್ತು. ಮಗ ಶೇಂಗಾ ಎಣ್ಣೆಯ ವ್ಯಾಪಾರ ನೋಡಿಕೊಂಡು ನಮ್ಮ ಜೊತೆಯಲ್ಲೇ ಇದ್ದಾನೆ. ಸೊಸೆ ನನ್ನೊಂದಿಗೆ ಜಗಳವಾಡುವಷ್ಟು ಸಲಿಗೆಯವಳು. ಮೊಮ್ಮಗಳು ಡಿಗ್ರಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಹೀಗೆಲ್ಲ ಇರುವಾಗ ಒಂದು ಬೆಳಿಗ್ಗೆ ಸ್ನಾನ ಮಾಡಿ ಬೀರುವಿನ ಮುಂದೆ ನಿಂತೆ. ಯಾವ ಸೀರೆ ಉಡಬೇಕೆಂದು ತೋಚಲಿಲ್ಲ. ಮಧ್ಯಾಹ್ನ ಸೊಸೆ ಊಟಕ್ಕೆ ಕರೆಯಲು ಬಂದಾಗ ಲಂಗ ರವಿಕೆಯಲ್ಲಿ ಅಲ್ಲೇ ನಿಂತಿದ್ದೆ.

ದಿನಾ ಇಂಗ್ಲಿಷ್ ಪೇಪರಿನ ಕ್ರಾಸ್‌ವರ್ಡ್ ಬಿಡಿಸುತ್ತಿದ್ದವಳು ಪೇಪರನ್ನು ಮಡಿಕೆಯಿಂದ ಬಿಚ್ಚುವುದನ್ನೇ ಬಿಟ್ಟೆ. ಕಾಫಿ ಮುಂದಿಟ್ಟರೆ ಕೆನೆಗಟ್ಟುವವರೆಗೆ ನೋಡುತ್ತಿದ್ದೆ. ಅಳು ಬರಲಿಲ್ಲ. ಅಳು ಬಂದಿದ್ದರೆ ಒಳ್ಳೆಯದಿತ್ತು.

ನಾನು ಓದಿದ್ದು ಬಳ್ಳಾರಿಯ ಒಂದು ಬೋರ್ಡಿಂಗ್ ಕಾನ್ವೆಂಟಿನಲ್ಲಿ. ಮನೆಯ ನೆನಪಾಗಿ ಅತ್ತರೆ ನಮ್ಮ ಸಿಸ್ಟರ್ "ಗೋ ಅಂಡ್ ವಾಶ್ ಯುವರ್ ಫೇಸ್" ಎನ್ನುತ್ತಿದ್ದರು. ತಣ್ಣೀರಿನಿಂದ ಮುಖ ತೊಳೆದು, ಜಡೆ ಬಿಗಿಮಾಡಿಕೊಂಡು ಸಾಲಿನಲ್ಲಿ ನಿಂತರೆ ದುಃಖ ಮುಗಿಯಿತು ಎಂಬ ಡಿಸಿಪ್ಲಿನ್. ಆ ಸಿಸ್ಟರ್‌ಗಳನ್ನು ನಾನು ಬಹಳ ಪ್ರೀತಿಸಿದೆ. ಆ ಉದ್ದನೆಯ ಕಾರಿಡಾರು, ಫಿನಾಯಿಲಿನ ವಾಸನೆ, ಸಂಜೆಯ ಪ್ರೇಯರಿಗೆ ಬಾರಿಸುವ ಗಂಟೆ, ಈಗಲೂ ನೆನಪಾಗುತ್ತವೆ. ಆದರೆ ಆ ವರ್ಷ ಎಷ್ಟು ಸಲ ಮುಖ ತೊಳೆದುಕೊಂಡೆನೋ! ತೊಳೆದ ಮುಖದ ಹಿಂದೆ ಅದು ಹಾಗೆಯೇ ಕೂತಿರುತ್ತಿತ್ತು.

ಜ್ವರಕ್ಕೆ ತೋರಿಸುವ ನಮ್ಮ ಫ್ಯಾಮಿಲಿ ಡಾಕ್ಟರೇ ಕೊನೆಗೆ ಹೆಸರು ಹೇಳಿದ್ದು. "ಇದು ಡಿಪ್ರೆಶನ್ ಅಮ್ಮ, ವಾಸಿಯಾಗುತ್ತೆ. ಮಂಗಳವಾರ ನಮ್ಮ ಸರಕಾರಿ ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ, ತೋರಿಸಿ" ಎಂದರು. ಮಗ ಹೊರಗೆ ಬಂದವನೇ ದನಿ ಇಳಿಸಿ ಹೇಳಿದ:

"ಅವ್ವ, ಚಳ್ಳಕೆರೇಲಿ ಬ್ಯಾಡ. ಆ ಬೆಂಚಿನ ಮ್ಯಾಲೆ ಕೂತ್ರೆ ಸಂಜೆಗೆಲ್ಲ ಶೇಂಗಾ ಮಂಡಿ ತುಂಬಾ ಸುದ್ದಿ. ಮೊಳಕಾಲ್ಮೂರಿಗೆ ಹೋಗಾಣ. ಅಲ್ಲಿ ನಮ್ಮನ್ನ ಯಾರು ಬಲ್ಲರು?"

ಮೊದಲ ಸಲ ಅಲ್ಲಿ ಬೆಂಚಿನ ಮೇಲೆ ಕೂತು ಕಣ್ಣೆತ್ತಿದರೆ ಎದುರಿಗೆ ನಮ್ಮೂರಿನ ಬಟ್ಟೆ ಅಂಗಡಿಯ ಯಜಮಾನರು! ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ, ತಕ್ಷಣ ಇಬ್ಬರೂ ಗೋಡೆಯ ಮೇಲಿನ ಲಸಿಕೆಯ ಪೋಸ್ಟರನ್ನು ಬಹಳ ಆಸಕ್ತಿಯಿಂದ ಓದತೊಡಗಿದೆವು. ಅವರ ಪಕ್ಕದಲ್ಲಿ ನಮ್ಮ ಹಿಂದಿನ ಬೀದಿಯ ತಾಯಿ ಮಗ. ಆಚೆ ಪೇಪರಿನಲ್ಲಿ ಮುಖ ಮುಚ್ಚಿಕೊಂಡಿದ್ದವರ ಚಪ್ಪಲಿ ನೋಡಿದರೇ ಗುರುತು ಹತ್ತುವಂತಿತ್ತು. ಬೆಂಚಿನಲ್ಲಿ ಹೆಚ್ಚಿನವರು ಚಳ್ಳಕೆರೆಯವರೇ. ವಾಪಸ್ ಬಸ್ಸಿನಲ್ಲೂ ಅವೇ ಮುಖಗಳು. ಬೇರೆ ಬೇರೆ ಸೀಟಿನಲ್ಲಿ, ಒಬ್ಬರನ್ನೊಬ್ಬರು ಜನ್ಮದಲ್ಲಿ ನೋಡಿಲ್ಲವೆಂಬಂತೆ ಕೂತಿದ್ದೆವು.

ಕೆಲವು ತಿಂಗಳಿಗೆ ಮಾತ್ರೆ ಕೆಲಸ ಮಾಡಿತು. ಒಬ್ಬಳೇ ಹೋಗಿ ಬರುವಷ್ಟು ಚೇತರಿಸಿಕೊಂಡೆ. ಬರಿಗೈಯಲ್ಲಿ ಬಂದರೆ ಬೀದಿಯವರು ಕೇಳುತ್ತಾರೆಂದು, ಒಂದು ಸೀರೆಯಾದರೂ ನೋಡೋಣ ಎಂದು ಆಸ್ಪತ್ರೆಯಿಂದ ನೇಕಾರರ ಬೀದಿಗೆ ಹೋದೆ. ಬೀದಿಯ ಎರಡೂ ಕಡೆ ಮನೆಮನೆಯಿಂದ ಮಗ್ಗದ ಸದ್ದು. ಬಾಗಿಲು ತೆರೆದಿದ್ದ ಒಂದು ಮನೆಯಲ್ಲಿ, ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಒಬ್ಬ ಹುಡುಗಿ ನೇಯುತ್ತಿದ್ದಳು. ಹುಡುಗಿ ಎಂದರೆ ಎರಡು ಮಕ್ಕಳ ತಾಯಿ. ನನ್ನ ವಯಸ್ಸಿಗೆ ಹುಡುಗಿ. ಒಳಗೆ ಅವಳ ಅತ್ತೆ ರಾಟೆಯಲ್ಲಿ ರೇಷ್ಮೆ ಸುತ್ತುತ್ತಿದ್ದರು.

ಸೀರೆ ಒಪ್ಪಿ, ದುಡ್ಡು ತೆಗೆಯಲು ಬ್ಯಾಗಿಗೆ ಕೈಹಾಕಿದಾಗ ಆಸ್ಪತ್ರೆಯ ಮಾತ್ರೆಯ ಕವರು ಕೆಳಗೆ ಬಿತ್ತು. ಹುಡುಗಿ ಎತ್ತಿಕೊಟ್ಟಳು. ಕೊಡುವ ಮೊದಲು ಮಾತ್ರೆಯ ಹಾಳೆಯನ್ನು ಒಂದು ಗಳಿಗೆ ನೋಡಿದಳು.

"ಇದು ರಾತ್ರಿ ಉಂಡ ಮ್ಯಾಲೆ ಅಲ್ವಾ ಅಮ್ಮಾರೆ?" ಎಂದಳು, ತುಂಬಾ ಮೆಲ್ಲಗೆ. "ಬಾಯಿ ಒಣಗ್ತೈತಾ ನಿಮಗೂ?"

ಆ ಮಾತ್ರೆಯಿಂದ ಬಾಯಿ ಒಣಗುತ್ತದೆ ಎಂಬುದು ಅದನ್ನು ನುಂಗಿದವರಿಗೆ ಮಾತ್ರ ಗೊತ್ತು.

"ನೀನು ಇಲ್ಲೇ ತೋರಿಸ್ತೀಯಾ?" ಎಂದೆ.

"ಇಲ್ಲೆಲ್ಲಿ ತೋರಿಸಲಿ? ಆಸ್ಪತ್ರೆ ಬಾಗಿಲಲ್ಲೇ ನಮ್ಮ ಬೀದಿಯೋರು ಟೀ ಕುಡೀತಿರ್ತಾರೆ. ನಾನು ನಿಮ್ಮೂರಿಗೆ ಬರ್ತೀನಿ, ಚಳ್ಳಕೆರೆಗೆ. ಅಲ್ಲಿ ನಮ್ಮನ್ನ ಯಾರು ಬಲ್ಲರು?"

ನನ್ನ ಮಗನ ಮಾತು, ಒಂದಕ್ಷರ ಬದಲಿಲ್ಲದೆ. ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಒಳಗಿನಿಂದ ಅತ್ತೆ ತೆಲುಗು ಬೆರೆಸಿ ಕೂಗಿದರು: "ಏಮೈಂದೇ ಅಲ್ಲಿ? ಯಾಪಾರ ಮಾಡೇ ಅಂದ್ರೆ ನಗ್ತಾ ಕೂತೈದಾಳೆ!"

ಆಮೇಲಿನ ತಿಂಗಳುಗಳಲ್ಲಿ ಅವಳ ಕಥೆ ತುಣುಕು ತುಣುಕಾಗಿ ತಿಳಿಯಿತು. ಎರಡನೇ ಹೆರಿಗೆಯ ನಂತರ ನಿದ್ದೆ ಹೋಯಿತು. ಮಗ್ಗದ ಸದ್ದಿನ ನಡುವೆ ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಗಂಡ ಒಳ್ಳೆಯವನು. ತಾನೂ ನೇಯುತ್ತಾನೆ, ಮಾತು ಕಡಿಮೆ. ಅವನೇ ಅವಳನ್ನು ಚಳ್ಳಕೆರೆಗೆ ಕರೆದುಕೊಂಡು ಬಂದು ತೋರಿಸಿದ. ಮಾತ್ರೆ ಶುರುವಾದ ಮೇಲೆ ಆ ದನಿ ನಿಂತಿತು, ನಿದ್ದೆ ಬಂತು. ಆದರೆ ತಾಯಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. "ಚಳ್ಳಕೆರೆ ಅಂಗಡಿಯೋರಿಗೆ ಸೀರೆ ತೋರಿಸೋಕೆ ಹೋಗ್ತಾಳೆ" ಎಂದು ಹೇಳಿಬಿಟ್ಟಿದ್ದ. ಹೀಗೆ ನಾನು ಸೀರೆ ಕೊಳ್ಳುವ ನೆಪದಲ್ಲಿ ಅವಳ ಊರಿಗೆ, ಅವಳು ಸೀರೆ ಮಾರುವ ನೆಪದಲ್ಲಿ ನನ್ನ ಊರಿಗೆ. ಹೌ ಸಿಲ್ಲಿ! ಆದರೆ ಹಾಗೆಯೇ ನಡೆಯುತ್ತಿತ್ತು, ನಾವಿಬ್ಬರೇ ಅಲ್ಲ, ಎರಡು ತಾಲ್ಲೂಕಿನವರೂ.

ಈ ವರ್ಷದ ಬೇಸಿಗೆಯಲ್ಲಿ ಒಂದು ಮಂಗಳವಾರ ಬಸ್ಸು ಬೇಗ ಮುಟ್ಟಿತು. ಡಾಕ್ಟರ್ ಬರುವುದು ತಡವಾಗುತ್ತದೆಂದು ಮೊದಲು ಅವಳ ಮನೆಗೆ ಹೋದೆ. ಮಗ್ಗ ನಿಂತಿತ್ತು. ಅರ್ಧ ನೇಯ್ದ ಸೀರೆಯ ಮೇಲೆ ಹಳೆಯ ಪಂಚೆ ಹೊದಿಸಿತ್ತು. ಅವಳು ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿರಲಿಲ್ಲ. ಕಣ್ಣುಗಳು ನಿದ್ದೆ ಕಾಣದೆ ಕೆಂಪಾಗಿದ್ದವು. ನನ್ನ ಗುರುತು ಸಿಕ್ಕಿತು, ಆದರೆ ಮುಖ ಅರಳಲಿಲ್ಲ. ಚಿಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಗಂಡ ಹೊಸ್ತಿಲ ಹತ್ತಿರ ಇದ್ದ.

"ಬಂದ್ರಾ ಅಮ್ಮಾರೆ?" ಎಂದರು ಅತ್ತೆ. "ಸೀರೆ ಎಲ್ಲಿ ತರಲಿ ನಿಮಗೆ? ಮಹಾರಾಣಿ ಮಗ್ಗಕ್ಕಿಳಿದು ಎಷ್ಟು ದಿನಾಯ್ತೋ. ಚಳ್ಳಕೆರೆಗೆ ಬ್ಯಾಡ ಅಂದಿದ್ದೇ ತಪ್ಪಾತು."

"ಯಾಕೆ ಬೇಡ ಅಂದ್ರಿ?"

"ಇನ್ನೇನ್ರಿ? ಬಸ್ ಫ್ರೀ ಆದಾಗಿಂದ ತಿಂಗಳು ತಿಂಗಳು ತಲೆ ಬಾಚ್ಕೊಂಡು ಹೊರಡ್ತಾಳೆ. ಒಯ್ದ ಸೀರೆ ಹಂಗೇ ವಾಪಸ್ ಬರ್ತೈತೆ. ನಮ್ಮ ತಂಗಿ ಮಗ ಚಳ್ಳಕೆರೆ ಅಂಗಡಿ ಎಲ್ಲಾ ಬಲ್ಲ. ಯಾವ ಅಂಗಡಿಯೋನೂ ಇವಳನ್ನ ಕಂಡಿಲ್ಲಂತೆ. ಮತ್ತೆ ಯಾರನ್ನ ಕಾಣಾಕೆ ಹೋಗ್ತಿದ್ಳು? ನೀವೇ ಹೇಳ್ರಿ. ನಾನು ಹೊಸ್ತಿಲು ದಾಟಬ್ಯಾಡ ಅಂದೆ. ಅದಕ್ಕೆ ಈ ಆಟ ಕಟ್ಟೈದಾಳೆ."

ನಾನು ಗಂಡನ ಮುಖ ನೋಡಿದೆ. ಅವನು ನೆಲ ನೋಡಿದ. ಅತ್ತೆ ಮಗುವಿಗೆ ನೀರು ಕುಡಿಸಲು ಒಳಗೆ ಹೋದಾಗ ಅವಳ ಪಕ್ಕದಲ್ಲಿ ಕೂತು ಕೇಳಿದೆ: "ಮಾತ್ರೆ?"

"ಮುಗಿದು ತಿಂಗಳಾಯ್ತು. ಮತ್ತೆ ಕರೀತೈತೆ ಅಮ್ಮಾರೆ, ಹಿಂದ್ಲಿಂದ."

"ಹೇಳಬಾರದಾಗಿತ್ತಾ? ಅವರು ಏನೇನೋ ತಿಳ್ಕೊಂಡಿದ್ದಾರಲ್ಲ."

"ತಿಳ್ಕೊಳ್ಳಲಿ ಬಿಡ್ರಿ" ಎಂದಳು. "ನಡತೆ ಕೆಟ್ಟೋಳು ಅಂದ್ರೆ ನಾಕು ದಿನ ಬೈತಾರೆ. ಹುಚ್ಚಿ ಅಂದ್ರೆ ಮಕ್ಕಳನ್ನ ಕೈಗೆ ಕೊಡಲ್ಲ."

ಈ ಮಾತನ್ನು ನಾನು ಇಲ್ಲಿ ಬರೆದಿಡುವುದಕ್ಕಾಗಿಯೇ ಇಷ್ಟನ್ನೂ ಬರೆಯುತ್ತಿದ್ದೇನೆ. ಇಲ್ಲದ ಕಳಂಕವೊಂದನ್ನು ತಲೆಯ ಮೇಲೆ ಹೊತ್ತುಕೊಳ್ಳಲು ಒಬ್ಬ ಹೆಣ್ಣುಮಗಳು ಸಿದ್ಧಳಿದ್ದಾಳೆ, ಇರುವ ಕಾಯಿಲೆಯ ಹೆಸರು ಹೇಳಲು ಸಿದ್ಧಳಿಲ್ಲ. ಅವಳಿಗೆ ಬೇಕಾದ ಮಾತ್ರೆ ಆ ಹೊತ್ತಿನಲ್ಲಿ ಅದೇ ಬೀದಿಯ ತಿರುವಿನಾಚೆ, ಅವಳದೇ ಊರಿನ ಆಸ್ಪತ್ರೆಯಲ್ಲಿತ್ತು.

ಅವಳ ಗುಟ್ಟು ಹೇಳುವ ಅಧಿಕಾರ ನನಗಿರಲಿಲ್ಲ. ನನ್ನದನ್ನು ಹೇಳಬಹುದಿತ್ತು.

ಅತ್ತೆ ಹೊರಗೆ ಬಂದರು. ನಾನು ಎದ್ದು ನಿಂತೆ. ಪಾಠ ಒಪ್ಪಿಸುವಾಗ ಎದ್ದು ನಿಲ್ಲುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ. "ನೋಡಿ, ನಾನು ನಿಮ್ಮೂರಿಗೆ ಬರುವುದು ಸೀರೆಗಲ್ಲ. ನನಗೆ ಮನಸ್ಸಿನ ಕಾಯಿಲೆ ಇದೆ. ಮಂಗಳವಾರ ಇಲ್ಲಿಗೆ ಬರುತ್ತಾರಲ್ಲ ಡಾಕ್ಟರ್, ಅವರ ಹತ್ತಿರ ಬರುತ್ತೇನೆ. ದಿನಾ ಮಾತ್ರೆ ತಗೋತೀನಿ" ಎಂದೆ.

"ಮಂಗಳವಾರದ ಡಾಕ್ಟ್ರಾ? ಪಿಚ್ಚಿ ಡಾಕ್ಟ್ರು, ಹುಚ್ಚಿನ ಡಾಕ್ಟ್ರು?" ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಗರಿಗರಿ ಸೀರೆ, ವಾಚು, ಕನ್ನಡಕ. "ನಿಮಗಾ? ಇಷ್ಟು ಓದಿದೋರಿಗಾ?"

"ನನಗೇ."

ಶುಗರ್ ಇದ್ದ ಹಾಗೆ, ಬಿಪಿ ಇದ್ದ ಹಾಗೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ನಾನು ಹಾಗೆ ಹೇಳಲಿಲ್ಲ. ಶುಗರ್ ಬಂದವರ ಕೈಯಿಂದ ಯಾರೂ ಮಗುವನ್ನು ಕಿತ್ತುಕೊಳ್ಳುವುದಿಲ್ಲ.

ಆಗ ಗೋಡೆಯ ಹತ್ತಿರದಿಂದ ದನಿ ಬಂತು. "ಅತ್ತೆ, ನಾನೂ ಅದಕ್ಕೇ ಹೋಗ್ತಿದ್ದೆ."

ಅತ್ತೆಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ಮತ್ತೆ ಆ ಅಂಗಡಿಯೋನು?"

"ಅಂಗಡಿನೇ ಇಲ್ಲ ಅತ್ತೆ."

ಅವರು ಮಗನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತೇನಲೇ?"

ಅವನು ತಲೆಯಾಡಿಸಿದ.

"ನಿನ್ನ ಬಾಯಿಗೆ ಏನಾಗಿತ್ತಲೇ! ನಾನು ಅವಳನ್ನ ಏನೇನೋ ಅಂದೆ. ಅನ್ನಬಾರದ್ದೆಲ್ಲಾ ಅಂದೆ. ಮಗ್ಗದ ಗೂಟದಂಗೆ ನಿಂತಿದ್ದಲ್ಲೋ!" ಬೈಯುತ್ತಿದ್ದರೂ ಅವರ ಕೈ ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡದ್ದನ್ನು ನಾನು ನೋಡಿದೆ. ಅವಳೂ ನೋಡಿದಳು. ಅತ್ತೆ ನನ್ನನ್ನೇ ಕೇಳಿದರು: "ಅಮ್ಮಾರೆ, ಸುಳ್ಳು ಹೇಳಬ್ಯಾಡ್ರಿ. ಮಗೂಗೆ ಏನಾದ್ರೂ ಮಾಡಿಬಿಟ್ರೆ?"

ಕೆಟ್ಟ ಪ್ರಶ್ನೆಯಲ್ಲ ಅದು. ಹೆದರಿದವರ ಪ್ರಶ್ನೆ. "ನಾನು ಡಾಕ್ಟರಲ್ಲ. ಡಾಕ್ಟರ್ ಇವತ್ತು ನಿಮ್ಮೂರಲ್ಲೇ ಇದ್ದಾರೆ. ಬನ್ನಿ, ನೀವೇ ಕೇಳಿ" ಎಂದೆ.

ಅವರು ಒಪ್ಪಿದರು. "ಆದ್ರೆ ಹಿಂದ್ಲು ಸಂದಿಯಾಗೆ ಹೋಗಾಣ."

"ಆ ಕಲ್ಲಿನ ಸಂದಿಯಲ್ಲಿ ನನ್ನ ಕಾಲು ಆಡುವುದಿಲ್ಲ. ನಾನು ಮುಂದಿನ ಬೀದಿಯಲ್ಲೇ ಹೋಗುವವಳು" ಎಂದೆ. ಕಾಲು ನೋವು ನಿಜವೇ. ಆದರೆ ಅದಿಲ್ಲದಿದ್ದರೂ ಅದೇ ಹೇಳುತ್ತಿದ್ದೆ.

ಅವಳ ತಲೆ ಬಾಚಿ ಜಡೆ ಹಾಕಿದ್ದು ಅತ್ತೆಯೇ. ಮೂವರೂ ಹೊರಟೆವು, ಮಗು ಅಜ್ಜಿಯ ಸೊಂಟದಲ್ಲಿ. ಗಂಡ ನಾಲ್ಕು ಮಾರು ಹಿಂದೆ. ಜಗುಲಿಯ ಮೇಲೆ ಕೂತಿದ್ದ ಒಬ್ಬ ಹೆಂಗಸು ಬಿಡುತ್ತಾಳೆಯೇ?

"ಏನಕ್ಕಾ, ದಿಬ್ಬಣ ಎಲ್ಲಿಗೆ ಹೊರಟೈತೆ?"

"ಆಸ್ಪತ್ರೆಗೆ" ಎಂದರು ಅತ್ತೆ.

"ಯಾರಿಗೆ ಏನಾಗೈತೆ?"

ಅತ್ತೆ ಒಂದು ಕ್ಷಣ ತಡವರಿಸಿ ನನ್ನ ಕಡೆ ಕೈ ತೋರಿಸಿಬಿಟ್ಟರು. "ಈ ಅಮ್ಮಾರಿಗೆ ಆರಾಮಿಲ್ಲ."

"ಅಯ್ಯೋ ಪಾಪ, ಏನು ಕಾಯಿಲೆ ಅಮ್ಮಾ?"

"ಮನಸ್ಸಿನದು" ಎಂದೆ. ಅವಳಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಎಲೊಕ್ಯೂಶನ್ ಸ್ಪರ್ಧೆಯ ದನಿಯಲ್ಲಿ ಹೇಳಿದೆ: "ಮನಸ್ಸಿನ ಕಾಯಿಲೆ. ಮಂಗಳವಾರದ ಡಾಕ್ಟರ್ ಹತ್ತಿರ ಹೋಗ್ತಿದ್ದೀನಿ."

ಆ ಬೀದಿಯಲ್ಲಿ ಒಂದೆರಡು ಮಗ್ಗಗಳ ಸದ್ದು ನಿಂತದ್ದು ಖಂಡಿತ ನನ್ನ ಕಲ್ಪನೆಯಲ್ಲ.

ಆಸ್ಪತ್ರೆಯಲ್ಲಿ ಅತ್ತೆ ಬೆಂಚಿನ ಉದ್ದಕ್ಕೂ ಕಣ್ಣಾಡಿಸಿದರು. ಎದುರಿಗಿದ್ದವರು ಪೇಪರು ಮೇಲೆತ್ತಿದರು. ಇನ್ನೊಬ್ಬರು ಫೋನು ಕಿವಿಗಿಟ್ಟು ಮಾತಿಲ್ಲದೆ ಹೂಂಗುಟ್ಟತೊಡಗಿದರು. ಅತ್ತೆಯ ಮುಖದಲ್ಲಿ ಒಂದು ಬಗೆಯ ಸಮಾಧಾನ, ಹೆಮ್ಮೆಯೇ ಅನ್ನಿ. "ನೋಡ್ರಿ, ನಮ್ಮೂರೋರು ಒಬ್ರೂ ಇಲ್ಲ. ನಮ್ಮೂರಾಗೆ ಈ ಕಾಯಿಲೆ ಇಲ್ಲ."

ಚೀಟಿ ಕರೆಯುತ್ತಿದ್ದ ನರ್ಸ್ ತಲೆಯೆತ್ತದೆ ಹೇಳಿದಳು: "ನಿಮ್ಮೂರೋರು ಚಳ್ಳಕೆರೆ ಬೆಂಚಲ್ಲಿ ಸಿಗ್ತಾರೆ ಅಜ್ಜಿ. ಅಲ್ಲಿ ಕೂರಾಕೆ ಜಾಗ ಇರಲ್ಲ."

ಪೇಪರಿನ ಹಿಂದಿನಿಂದ ಒಂದು ನಗು ತಡೆದರೂ ತಡೆಯದೆ ಹೊರಬಿತ್ತು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸೊಸೆಯ ಮಾತನ್ನು ಪೂರ್ತಿ ಕೇಳಿದರು, ಗಂಡನನ್ನು ಕೇಳಿದರು. ಮಾತ್ರೆ ಹಠಾತ್ತಾಗಿ ನಿಲ್ಲಿಸಿದ್ದರಿಂದ ಹೀಗಾಗಿದೆ, ಮತ್ತೆ ಶುರುಮಾಡೋಣ, ಒಂದು ವಾರ ಬಿಟ್ಟು ಫೋನಿನಲ್ಲಿ ವಿಚಾರಿಸುತ್ತೇನೆ ಎಂದರು. ಅತ್ತೆ ಮಗುವಿನ ಪ್ರಶ್ನೆಯನ್ನು ನೇರವಾಗಿ ಕೇಳಿಯೇಬಿಟ್ಟರು. ಸೊಸೆ ಎದುರಿಗಿದ್ದಳು, ತಲೆ ತಗ್ಗಿಸಿದಳು. ಡಾಕ್ಟರಿಗೆ ಕೋಪ ಬರಲಿಲ್ಲ.

"ನಿದ್ದೆ ಸರಿಯಾಗೋವರೆಗೆ ಇವರನ್ನ ಒಬ್ಬರನ್ನೇ ಬಿಡಬೇಡಿ. ಮಗು ಇವರ ಹತ್ತಿರವೇ ಇರಲಿ. ನೀವು ಅವರಿಬ್ಬರ ಹತ್ತಿರ ಇರಿ. ಕರೆಯೋ ದನಿ ಏನಾದರೂ ಮಾಡು ಅಂತ ಹೇಳಿದರೆ, ಭಯವಾದರೆ, ಮಂಗಳವಾರಕ್ಕೆ ಕಾಯದೆ ಯಾವ ಹೊತ್ತಾದರೂ ಬನ್ನಿ. ಗೊತ್ತಾಯ್ತಾ ಅಜ್ಜಿ?" ಆಮೇಲೆ ಚೀಟಿ ನೋಡಿ ಕೇಳಿದರು: "ಮನೆ ಇಷ್ಟು ಹತ್ತಿರ. ಚಳ್ಳಕೆರೆಗೆ ಯಾಕೆ ಬರ್ತಿದ್ರಿ?"

ಡಾಕ್ಟರಿಗೂ ಅದು ಗೊತ್ತಿಲ್ಲದ ವಿಷಯವೇನಲ್ಲ.

ವಾಪಸ್ ಬರುವಾಗ ಅತ್ತೆ ನನ್ನ ಪಕ್ಕದಲ್ಲಿ ನಡೆದರು. "ಅಮ್ಮಾರೆ, ನಮ್ಮ ಬೀದೀಲಿ ನಿಂತು ಕೂಗಿಬಿಟ್ರಿ. ನಿಮಗೇನು, ಬಸ್ ಹತ್ತಿ ಹೋಗ್ತೀರಿ. ನಿಮ್ಮ ಬೀದೀಲಿ ಹಿಂಗೇ ಕೂಗ್ತೀರಾ?"

ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ.

"ಹಾಂ, ಅದೇ ನೋಡ್ರಿ. ಇವಳು ಮುಂದಿನ ತಿಂಗಳು ಇಲ್ಲೇ ಕೂರಬೇಕು, ನಾಕು ಜನದ ಮುಂದೆ. ಚಳ್ಳಕೆರೆಗಂತೂ ಇನ್ನು ಕಳಿಸಲ್ಲ. ನೀವು ನಿಮ್ಮೂರಾಗೆ ಕೂತ್ರೆ ನಾವು ನಮ್ಮೂರಾಗೆ ಕೂರ್ತೀವಿ. ನಿಮ್ಮಂಥೋರೇ ಅಡಗ್ಕೊಂಡ್ರೆ ನಾವ್ಯಾಕೆ ಮುಖ ತೋರಿಸಾಣ?"

ನಡುಬೀದಿಯಲ್ಲಿ ಅತ್ತೆ ಮೂಗುತಿ ಕುಣಿಸುತ್ತ ನನಗೆ ಶರತ್ತು ಹಾಕಿದರು. ಹಿಂದೆ ಸೊಸೆ ಮಾತ್ರೆಯ ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದಳು. ಒಂದು ತಿಂಗಳ ಮಾತ್ರೆ. ಆಮೇಲಿನದು ನನ್ನ ಮೇಲೆ ನಿಂತಿತ್ತು. "ಕೂರ್ತೀನಿ" ಎಂದೆ.

ಅಂದು ಸಂಜೆ ಮನೆಯಲ್ಲಿ ಹೇಳಿದೆ. ಮಗ ಊಟದ ತಟ್ಟೆಯಿಂದ ಕೈ ತೆಗೆದ.

"ಅವ್ವ, ಈಗ ಬ್ಯಾಡ. ಮಗಳಿಗೆ ಸಂಬಂಧ ನೋಡ್ತಾ ಇದೀವಿ. ಗಂಡಿನ ಕಡೆಯೋರಿಗೆ ಗೊತ್ತಾದ್ರೆ, ಮನೆತನದಾಗೆ ಐತಂತೆ ಅಂತಾರೆ. ಮದುವೆ ಆಗಲಿ, ಆಮ್ಯಾಲೆ ಬೇಕಾದಂಗೆ ಮಾಡು."

"ಮದುವೆ ಆದ ಮೇಲೆ ಬಾಣಂತನ ಅಂತೀಯ. ಆಮೇಲೆ ಮರಿಮಗುವಿನ ಹೆಸರಿಡೋದು ಅಂತೀಯ. ಅಷ್ಟು ದಿನ ನನ್ನ ಹತ್ತಿರ ಇಲ್ಲ ಕಣಪ್ಪ" ಎಂದೆ. "ಅಲ್ಲದೆ ನಾಳೆ ನಮ್ಮ ಹುಡುಗಿಗೇ ಹೀಗಾದರೆ, ಅವಳು ಯಾವ ಊರಿನ ಬಸ್ ಹತ್ತಬೇಕು ಹೇಳು."

ಸೊಸೆ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದೇ ಹೇಳಿದಳು: "ರೀ, ಅತ್ತೆ ಹೇಳೋದು ಹೇಳ್ಲಿ ಬಿಡ್ರಿ. ನನಗೂ ಸಾಕಾಗೈತೆ. ಇಡೀ ಬೀದಿಯ ಸೀರೆ ಆರ್ಡರು ನೆನಪಿಟ್ಕೊಳ್ಳೋದು ಯಾರು? ನಾನು!"

ಮಗ ನಗಲಿಲ್ಲ. ಎದ್ದು ಕೈ ತೊಳೆದ. ಎರಡು ದಿನ ನನ್ನ ಜೊತೆ ಲೆಕ್ಕದಷ್ಟೇ ಮಾತು. ಅವನ ಹೆದರಿಕೆ ಸುಳ್ಳಲ್ಲ. ಆ ಹೆದರಿಕೆಯನ್ನು ನಾನು ಗೌರವಿಸುತ್ತೇನೆ, ಆದರೆ ಅದರ ಮಾತು ಕೇಳುವುದಿಲ್ಲ.

ಚಳ್ಳಕೆರೆಯ ಮಂಗಳವಾರ ಬಂತು. ಒಳ್ಳೆಯ ಸೀರೆಯನ್ನೇ ಉಟ್ಟೆ. ಬಾಗಿಲಲ್ಲಿ ಮಗ ಸ್ಕೂಟರ್ ತಿರುಗಿಸಿ ನಿಂತಿದ್ದ. "ಹತ್ತು" ಎಂದ, ಅಷ್ಟೇ. ಆಸ್ಪತ್ರೆಯ ಗೇಟಿನ ಹತ್ತಿರ ಇಳಿಸಿ ಹೊರಟುಹೋಗುತ್ತಾನೆ ಎಂದುಕೊಂಡೆ. ಸ್ಕೂಟರ್ ನಿಲ್ಲಿಸಿ ಹೊರಗಿನ ಬೇವಿನ ಮರದ ಕೆಳಗೆ ನಿಂತ. ಒಳಗೆ ಬರಲಿಲ್ಲ. ಅವನಿಗೆ ಅಂದು ಅಷ್ಟು ಸಾಧ್ಯವಾಯಿತು, ನನಗೆ ಅಷ್ಟು ಸಾಕು.

ಬೆಂಚಿನ ಮೇಲೆ ನಿಜಕ್ಕೂ ಜಾಗವಿರಲಿಲ್ಲ. ರೇಷ್ಮೆಯ ಎಳೆ ಎಳೆದೆಳೆದು ಬೆರಳ ಮೇಲೆ ಗೆರೆ ಬಿದ್ದ ಕೈಗಳು ಅಲ್ಲಿ ಎಷ್ಟೊಂದು! ಯಾರೋ ಸರಿದು ಜಾಗ ಮಾಡಿಕೊಟ್ಟರು. ಬೆನ್ನು ನೆಟ್ಟಗೆ ಮಾಡಿ ಕೂತೆ. ಕೈಯಲ್ಲಿ ಪೇಪರಿರಲಿಲ್ಲ, ಬೇಕೆಂದೇ ತಂದಿರಲಿಲ್ಲ.

ನಮ್ಮ ಬೀದಿಯ ಕೊನೆಯ ಮನೆಯವಳು ಮೊಮ್ಮಗುವಿನ ಜ್ವರಕ್ಕೆಂದು ಬಂದವಳು ನನ್ನನ್ನು ನೋಡಿ ನಿಂತಳು. "ಆಂಟಿ, ಇಲ್ಲಿ ಯಾಕೆ ಕೂತ್ರಿ? ಕಣ್ಣಿನ ಡಾಕ್ಟ್ರು ಆ ಕಡೆ ಐದಾರೆ. ಇದು ಬೇರೆ..."

"ಗೊತ್ತಮ್ಮ. ನನಗೆ ಬೇಕಾಗಿರೋದು ಇವರೇ. ನನಗೆ ಡಿಪ್ರೆಶನ್ ಇದೆ."

ಅವಳ ಮುಖದಲ್ಲಿ ಏನೇನೋ ಹಾದುಹೋಯಿತು. "ಹೌದಾ" ಎಂದಳು. ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದಳು. "ಬರ್ತೀನಿ ಆಂಟಿ" ಎಂದು ಬೇಗ ಬೇಗ ಹೋದಳು. ಅವಳು ಹೋದ ವೇಗ ನೋಡಿದರೆ ಸುದ್ದಿ ನನಗಿಂತ ಮೊದಲು ಮನೆ ಮುಟ್ಟುವುದು ಗ್ಯಾರಂಟಿ. ಮುಟ್ಟಲಿ ಎಂದುಕೊಂಡೆ.

ಆಮೇಲೆ ಆದದ್ದನ್ನು ಸಿಹಿ ಮಾಡಿ ಹೇಳುವುದಿಲ್ಲ. ಕೆಲವರು ಬೀದಿಯಲ್ಲಿ ನನ್ನನ್ನು ಚಿಕ್ಕ ಮಗುವಿನಂತೆ ದನಿ ಎಳೆದು ಮಾತಾಡಿಸುತ್ತಾರೆ. ಸೀರೆ ತೋರಿಸಲು ಬರುವವರು ಕಡಿಮೆಯಾದರು. ಗಂಡಿನ ಕಡೆಯವರಿಂದ ಫೋನು ಬಂದಿಲ್ಲ. ಕಾರಣ ಇದೇ ಎಂದು ಯಾರೂ ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ಮಗ ಆ ವಿಷಯ ಎತ್ತುವುದಿಲ್ಲ. ಆದರೆ ಒಂದು ಮಧ್ಯಾಹ್ನ ಕೊನೆಯ ಮನೆಯವಳು ಮತ್ತೆ ಬಂದಳು. ಹಾಲಿನ ಪಾತ್ರೆ ವಾಪಸ್ ಕೊಡುವ ನೆಪ. ಬಾಗಿಲ ಹಿಂದೆ ನಿಂತು, "ಆಂಟಿ, ನಮ್ಮೆಜಮಾನ್ರು ಊಟ ಬಿಟ್ಟು ಬಹಳ ದಿನಾಯ್ತು, ಮಾತೂ ಆಡಲ್ಲ. ಆ ಡಾಕ್ಟ್ರು ಮುಂದಿನ ಸಲ ಯಾವತ್ತು ಬರ್ತಾರೆ?" ಎಂದು ಕೇಳಿದಳು. ಹೇಳಿದೆ. ನಮ್ಮೂರಿನ ಮಂಗಳವಾರವನ್ನೇ ಹೇಳಿದೆ.

ಮೊಳಕಾಲ್ಮೂರಿನ ಮಂಗಳವಾರ ಬೆಳಿಗ್ಗೆಯಿಂದ ಫೋನು ಪಕ್ಕದಲ್ಲಿಟ್ಟುಕೊಂಡು ಕೂತೆ. ನಾನು ಮಾಡಲಿಲ್ಲ. ಬೆಂಚಿನ ಮೇಲೆ ಕೂರಲು ಯಾರನ್ನೂ ಫೋನಿನಲ್ಲಿ ಎಳೆದು ಕೂರಿಸಲಾಗುವುದಿಲ್ಲ. ಹನ್ನೊಂದು ದಾಟಿದ ಮೇಲೆ ಅದೇ ಬಡಿದುಕೊಂಡಿತು.

"ಅಮ್ಮಾರೆ, ನಾನು. ಕೂತ್ರಂತೆ ನೀವು? ನಿಮ್ಮೂರಿಂದ ಬಂದೋರು ಹೇಳಿದ್ರು." ಅತ್ತೆಗೆ ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ಇಡೀ ಆಸ್ಪತ್ರೆಗೆ ಕೇಳಿಸುತ್ತಿರಬೇಕು. "ನಾವೂ ಕೂತೈದೀವಿ. ಮುಂದಿನ ಬೀದಿಯಾಗೇ ಬಂದ್ವಿ. ಜಗುಲಿ ಮ್ಯಾಲೆ ಕೂತಿರ್ತಾಳಲ್ಲ ಅವಳು, ಎಲ್ಲಿಗೆ ಅಂದ್ಳು. ಸೊಸೇನೇ ಹೇಳಿದ್ಳು, ಮಂಗಳವಾರದ ಡಾಕ್ಟ್ರ ತಾವ ಅಂತ. ನಾನಲ್ಲ!"

"ನಿದ್ದೆ ಬರ್ತಿದೆಯಾ ಅವಳಿಗೆ?"

"ಬರ್ತೈತೆ. ಬೆಳಿಗ್ಗೆ ನಾನೇ ಎಬ್ಬಿಸಬೇಕು. ನಿನ್ನೆ ಮಗ್ಗಕ್ಕೂ ಇಳಿದಿದ್ಳು, ಒಂದೀಟು. ಆ ಕರೆಯೋದು ಪೂರಾ ಹೋಗಿಲ್ಲಂತೆ, ಕಡಿಮೆ ಆಗೈತಂತೆ. ಇಲ್ನೋಡ್ರಿ, ನಿಮ್ಮೂರೋರು ಒಬ್ರು ಪೇಪರು ಮುಖಕ್ಕೆ ಹಿಡಿದೈದಾರೆ, ನಿಮ್ಮ ಹೆಸರು ಹೇಳಿ ಮಾತಾಡಿಸಲಾ?"

"ಬೇಡ ಬೇಡ" ಎಂದೆ. "ಅವರ ಪಾಡಿಗೆ ಬಿಡಿ. ಸ್ವಲ್ಪ ಸರಿದು ಜಾಗ ಕೊಡಿ, ಸಾಕು."

ಅತ್ತೆ ಯಾರಿಗೋ "ಬರ್ರಿ, ಈ ಕಡೆ ಕೂರ್ರಿ" ಎಂದರು. ಅಷ್ಟರಲ್ಲಿ ಮಗು ಅಳತೊಡಗಿತು. ಫೋನು ಎಲ್ಲೋ ಸೆರಗಿನ ಮಡಿಕೆಗೆ ಸರಿದಿರಬೇಕು, ದನಿಗಳು ದೂರವಾದವು. ಆದರೂ ಸ್ಪಷ್ಟವಾಗಿ ಕೇಳಿಸಿತು.

"ಇಲ್ಲಿ ಕೊಡ್ರಿ ಅತ್ತೆ, ನಾನು ಎತ್ಕೊಂತೀನಿ."

"ತಗ. ಕತ್ತು ಹಿಡ್ಕೋ, ಬೆವರ್ತೈತೆ ಅದು."

ಅಳು ನಿಂತಿತು. ನಾನು ಫೋನು ಇಡಲಿಲ್ಲ. ಬಹಳ ಹೊತ್ತು ಆ ಕಾರಿಡಾರಿನ ಗದ್ದಲವನ್ನೇ ಕೇಳುತ್ತ ಕೂತಿದ್ದೆ: ನರ್ಸ್ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದಳು, ಅವರು ಎದ್ದು ಹೋಗುತ್ತಿದ್ದರು.